ಸಮ ಬಿದ್ದ ನಾಲ್ಕು

ನಾನು ಒಂದು ದಾಳ. ಬೀಟೆ ಮರದ ಮೈ, ಆರು ಮುಖ, ಇಪ್ಪತ್ತೊಂದು ಬಿಳಿ ಚುಕ್ಕಿ. ಆ ಚುಕ್ಕಿಗಳನ್ನು ನೀವು ಎಣಿಸುತ್ತೀರಿ, ನಾನು ಅವುಗಳಿಂದಲೇ ನೋಡುತ್ತೇನೆ. ಇಷ್ಟು ಕಣ್ಣಿದ್ದರೂ ನನ್ನ ಬಾಳಿನಲ್ಲಿ ನಡೆದ ಒಂದು ಸಂಗತಿಯನ್ನಾದರೂ ನಾನು ಮುಂಚಿತವಾಗಿ ಕಂಡದ್ದಿಲ್ಲ. ಪ್ರತಿ ಸಲವೂ ದಂಗಾಗಿದ್ದೇನೆ. ದಾಳಕ್ಕೆ ದಂಗಾಗುವುದೇ ಕಸುಬಲ್ಲವೇ ಎಂದು ನೀವು ನಗಬಹುದು. ನಗಿ. ಎಸೆಯುವ ಕೈ ನಿಮ್ಮದು, ಬೀಳುವ ಮೈ ನನ್ನದು.

ನಾನು ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಜಬ್ಬಾರ್ ಸಾಹೇಬರ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ಒಂದು ಜಗಲಿ, ಒಂದು ಗರಗಸ, ಒಂದು ಅಂಟಿನ ಡಬ್ಬಿ, ಮತ್ತೆ ಸಾಹೇಬರು. ಬೀಟೆ ಹಲಗೆಯಲ್ಲಿ ಗುಳಿ ತೆಗೆದು, ಬಿಳಿ ಮರದ ಚೂರು ಕೂರಿಸಿ, ಆನೆ ಅಂಬಾರಿಗಳ ಚಿತ್ರ ಮಾಡುವುದು ಅವರ ಕೆಲಸ. ಅಂಥ ಒಂದು ಆನೆಯ ಹಲಗೆಯ ಅಂಚಿನಲ್ಲಿ ಮಿಕ್ಕ ತುಂಡು ನಾನು. ಆನೆಯ ಮಗ್ಗುಲಲ್ಲಿ ಇದ್ದವರು ನಾವು ಎಂಬ ಜಂಬ ನನಗೆ ಇವತ್ತಿಗೂ ಹೋಗಿಲ್ಲ.

ನನ್ನನ್ನು ಚೌಕವಾಗಿ ಉಜ್ಜಿ, ಮೈಗೆಲ್ಲ ಒಂದೊಂದಾಗಿ ಇಪ್ಪತ್ತೊಂದು ಗುಳಿ ಕೊರೆದರು. ಒಂದೊಂದು ಗುಳಿಗೂ ಇದೇ ಕೊನೆಯದಿರಬೇಕು ಎಂದುಕೊಂಡೆ. ಚುಕ್ಕಿಗಳನ್ನು ಕೂರಿಸಿ ಅಂಟು ಒಣಗಿ, ಅಬ್ಬಾ ಮುಗಿಯಿತು ಎನ್ನುವಷ್ಟರಲ್ಲಿ ಸಾಹೇಬರು ನನ್ನನ್ನು ಎತ್ತಿ ಉಪ್ಪುನೀರಿನ ಲೋಟಕ್ಕೆ ಹಾಕಿಬಿಟ್ಟರು. ಹೆತ್ತವರೇ ಮುಳುಗಿಸಿದರೆ ಯಾರಿಗೆ ದೂರುವುದು? ಆದರೆ ನಾನು ತೇಲಿದೆ. ಸಾಹೇಬರು ಬೆರಳಿನಿಂದ ತಳ್ಳಿದರು, ಮತ್ತೆ ತೇಲಿದೆ, ಬೇರೆ ಮುಖ ಮೇಲೆ ಬಂತು. ಹತ್ತಿಪ್ಪತ್ತು ಸಲ ಹಾಗೆ ಮಾಡಿದರು. ಒಂದು ಕಡೆ ಭಾರವಿರುವ ದಾಳ ಯಾವಾಗಲೂ ಒಂದೇ ಮುಖವನ್ನು ಮೇಲೆ ತೋರಿಸುತ್ತದಂತೆ. ನಾನು ಆರನ್ನೂ ತೋರಿಸಿದೆ.

ಅದು ಕ್ರಿಸ್ಮಸ್ಸಿನ ವಾರ. ಪಕ್ಕದ ಬೀದಿಯ ಬೇಕರಿಯ ಮಗ ಸಿರಿಲ್, ಪಿಯುಸಿ ಓದುತ್ತಿದ್ದವನು, ಅಪ್ಪ ಕಳಿಸಿದ ಕೇಕು ಕೊಡಲು ಬಂದ. ಸಾಹೇಬರು ನನ್ನನ್ನು ಒರೆಸಿ ಅವನ ಕೈಗಿಟ್ಟರು.

“ಇಟ್ಕೋ ಬೇಟಾ. ಇದು ಸುಳ್ಳು ಹೇಳಲ್ಲ.”

ಆ ಒಂದು ಮಾತನ್ನು ನಾನು ನನ್ನ ಜಾತಕ ಎಂದು ನಂಬಿಕೊಂಡೆ.

ಸಿರಿಲ್‌ನ ಸೋದರಮಾವ ಹಡಗಿನಲ್ಲಿ ಕೆಲಸಕ್ಕಿದ್ದರು. ಆ ರಜೆಗೆ ಬಂದಾಗ ಯಾವುದೋ ಬಂದರಿನಿಂದ ಒಂದು ಇಂಗ್ಲಿಷ್ ಪುಸ್ತಕ ತಂದಿದ್ದರು. ಅದರಲ್ಲಿದ್ದದ್ದು ಒಂದು ಆಟ. ಆದರೆ ಪಟವಿಲ್ಲ, ಕಾಯಿಲ್ಲ. ಒಬ್ಬ ಕಥೆ ನಡೆಸಬೇಕು, ಉಳಿದವರು ಅದರೊಳಗಿನ ವೀರರಾಗಬೇಕು. ಮುಂದೆ ಗುಹೆ ಇದೆ, ಒಳಗೆ ಗುರುಗುಟ್ಟುವ ಸದ್ದು, ಏನು ಮಾಡುತ್ತೀರಿ ಎಂದು ಅವನು ಕೇಳುತ್ತಾನೆ. ಇವರು ಬಾಯಲ್ಲೇ ನುಗ್ಗುತ್ತಾರೆ, ಬಾಯಲ್ಲೇ ಓಡುತ್ತಾರೆ. ಹೊಡೆದಾಟ ಬಂದಾಗ ಮಾತ್ರ ದಾಳ ಬೇಕು.

ಮಾವ ವಾರದಲ್ಲಿ ಹಡಗಿಗೆ ಹಿಂತಿರುಗಬೇಕಿತ್ತು, ಪುಸ್ತಕ ಬಿಟ್ಟುಹೋಗಲು ಒಪ್ಪಲಿಲ್ಲ. ಸಿರಿಲ್ ಅದನ್ನು ಪೂರ್ತಿ ಜೆರಾಕ್ಸ್ ಮಾಡಿಸಿ, ಲೆಕ್ಕದ ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡರ್ ಒಬ್ಬನಿಗೆ ಕೊಟ್ಟ. ಆ ಪುಣ್ಯಾತ್ಮ ಅಂಚು ನೀಟಾಗಿ ಬರಲೆಂದು ಕತ್ತರಿಸುವ ಯಂತ್ರಕ್ಕೆ ಧಾರಾಳವಾಗಿ ಕೊಟ್ಟ. ಪುಸ್ತಕ ಇಟ್ಟಿಗೆಯ ಹಾಗೆ ಚೆಂದವಾಗಿ ಬಂತು. ಪ್ರತಿ ಪುಟದ ಕೊನೆಯ ಸಾಲು ಮಾತ್ರ ಅವನ ಅಂಗಡಿಯ ಕಸಕ್ಕೆ ಹೋಗಿತ್ತು. ಇದು ಗೊತ್ತಾಗುವ ಹೊತ್ತಿಗೆ ಮಾವನೂ ಪುಸ್ತಕವೂ ಸಮುದ್ರದ ಮೇಲಿದ್ದರು. ಮುಂದೆ ರಜೆಗೆ ಮಾವ ಬಂದರೂ ಪುಸ್ತಕ ಹಡಗಿನಲ್ಲೇ ಉಳಿಯುತ್ತಿತ್ತು.

ಹಾಗಾಗಿ ಈ ಜನ ಕೊನೆಯ ಸಾಲಿಲ್ಲದ ಪುಸ್ತಕದಿಂದಲೇ ಆಟ ಶುರು ಮಾಡಿದರು. ಬೇಕರಿಯ ಮಹಡಿಯ ಮೇಲೆ, ಮೈದಾ ಮೂಟೆಗಳ ನಡುವೆ ಒಂದು ಹಳೆಯ ಮೇಜು. ಪ್ರತಿ ಭಾನುವಾರ ಮಧ್ಯಾಹ್ನ ಮೂವರು ಕೂರುತ್ತಿದ್ದರು. ಕಥೆ ನಡೆಸುವವನು ಸಿರಿಲ್. ದೇವಸ್ಥಾನದ ಉಸ್ತುವಾರಿಯವರ ಗತ್ತು ಅವನಿಗೆ ಬಂದಿದೆ ಎಂದು ಗೆಳೆಯರು ಅವನನ್ನು ಪಾರುಪತ್ತೇಗಾರ ಎಂದು ಕರೆಯುತ್ತಿದ್ದರು. ಹೆಸರು ಇಟ್ಟವನು ನಂಜರಾಜ, ಸದಾ ಬಾಯಲ್ಲಿ ಬನ್ನು ಇಟ್ಟುಕೊಂಡಿರುತ್ತಿದ್ದ ಸಹಪಾಠಿ. ಇನ್ನೊಬ್ಬಳು ಕುಮುದಿನಿ. ಅವಳು ಮಾತು ಕಡಿಮೆ ಆಡುವವಳು, ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳದವಳು. ಆಟದೊಳಗೆ ಅವಳು ಹೊನ್ನಾದೇವಿ, ಉದ್ದ ಕತ್ತಿಯ ವೀರೆ. ಒಂದು ಹಾಳೆಯ ಮೇಲೆ ಹೊನ್ನಾದೇವಿಯ ಬಲ, ಆಯುಧ, ಗಾಯಗಳನ್ನೆಲ್ಲ ದುಂಡಗೆ ಬರೆದಿಟ್ಟುಕೊಂಡಿದ್ದಳು.

ಮೊದಲ ಭಾನುವಾರ ನನಗೆ ಜೀವ ಬಾಯಿಗೆ ಬಂದಿತ್ತು. “ನಾಲ್ಕು ಜನರ ಕತ್ತು ಕಡಿದೆ,” ಎಂದಳು ಕುಮುದಿನಿ, ಅದೂ ಮೊಸರನ್ನ ತಿನ್ನುತ್ತಾ. ನಾನು ಮೇಜಿನ ಮೇಲೆ ನಡುಗುತ್ತಾ ರಕ್ತ ಹುಡುಕಿದೆ. ಕಂಡದ್ದು ಬ್ರೆಡ್ಡಿನ ಪುಡಿ ಮಾತ್ರ. ಇದೆಲ್ಲ ಬಾಯಿಮಾತಿನ ಕೊಲೆ ಎಂದು ತಿಳಿಯಲು ನನಗೆ ತಿಂಗಳು ಹಿಡಿಯಿತು.

ನನ್ನ ಕೆಲಸ ಹೀಗೆ. ಹೊಡೆದಾಟದ ಪ್ರತಿ ಸುತ್ತಿನಲ್ಲೂ ಮೊದಲು ಯಾರು ಹೊಡೆಯಬೇಕು ಎಂಬುದನ್ನು ನಾವು ತೀರ್ಮಾನಿಸಬೇಕು. ವೀರರ ಕಡೆಗೆ ನಾನು. ರಾಕ್ಷಸರ ಕಡೆಗೆ ಹಾವು ಏಣಿ ಡಬ್ಬಿಯಿಂದ ಬಂದ ಒಂದು ಕೆಂಪು ಪ್ಲಾಸ್ಟಿಕ್ಕಿನ ದಾಳ. ಯಾರ ದಾಳ ಹೆಚ್ಚು ಬೀಳುತ್ತದೋ ಅವರ ಏಟು ಮೊದಲು. ಏಟು ತಗಲಿತೋ ಇಲ್ಲವೋ ಎಂಬುದಕ್ಕೆ ಇನ್ನೊಂದು ಎಸೆತ. ಆ ಏಟಿಗೆ ಎದುರಾಳಿ ಸತ್ತರೆ ಅವನ ಏಟು ಅವನೊಂದಿಗೇ ಹೋಯಿತು. ಎಂಥ ಶೂರನಾದರೂ ಸರದಿ ಬರುವ ಮುಂಚೆ ಸತ್ತರೆ ಕತ್ತಿ ಎತ್ತುವಂತಿಲ್ಲ. ಇಂಥ ಕೆಲಸಕ್ಕೆ ನನ್ನ ಜೋಡಿ ಒಂದು ಪ್ಲಾಸ್ಟಿಕ್ಕು ಎಂದು ನನಗೆ ಆದ ಅವಮಾನವನ್ನು ಇಲ್ಲಿ ವಿವರಿಸುವುದಿಲ್ಲ.

ಪುಸ್ತಕದ ಆ ಪುಟ ‘ಎರಡೂ ದಾಳ ಸಮ ಬಿದ್ದರೆ’ ಎಂಬಲ್ಲಿಗೆ ನಿಲ್ಲುತ್ತಿತ್ತು. ಮುಂದಿನ ಸಾಲು ಬೈಂಡರ್‌ನ ಪಾಲು. ಮುಂದಿನ ಪುಟದಲ್ಲಿ ಪಂಜು ಎಷ್ಟು ಹೊತ್ತು ಉರಿಯುತ್ತದೆ ಎಂಬ ಬೇರೆಯೇ ಪುರಾಣ. ಇಂಥ ತೂತುಗಳಿಗೆಲ್ಲ ಇವರು ತಮಗೆ ತಿಳಿದ ತೇಪೆ ಹಾಕಿಕೊಂಡಿದ್ದರು. ಒಬ್ಬ ವೀರನಿಗೆ ದಿನಕ್ಕೆ ಎಷ್ಟು ಊಟ ಎಂಬುದರ ಕೊನೆ ಸಿಗದಿದ್ದಾಗ ನಂಜರಾಜ ಆರು ಬನ್ನು ಎಂದು ತೀರ್ಪು ಕೊಟ್ಟಿದ್ದ. ಸಮ ಬಿದ್ದರೆ ಏನು ಎಂಬುದನ್ನು ಮಾತ್ರ ಕುಮುದಿನಿ ಮನೆಗೆ ಹೋಗಿ ತನ್ನ ತುಂಗಜ್ಜಿಯನ್ನು ಕೇಳಿಕೊಂಡು ಬಂದಳು. ತುಂಗಜ್ಜಿ ಚೌಕಾಬಾರದಲ್ಲಿ ಅರವತ್ತು ವರ್ಷ ಕವಡೆ ಆಡಿಸಿದ ಕೈ.

“ಸಮ ಬಿದ್ರೆ ಜಗಳ ಬೇಡ, ಇನ್ನೊಂದ್ಸಲ ಹಾಕಿ ಅಂದ್ರು ಅಜ್ಜಿ,” ಎಂದಳು.

ಅದೇ ನಿಯಮವಾಯಿತು. ಆರು ವರ್ಷ ಅದೇ ನಡೆಯಿತು. ಸಮ ಬಿದ್ದಾಗಲೆಲ್ಲ ನನ್ನನ್ನು ಎತ್ತಿ ಮತ್ತೆ ಎಸೆದರು. ಒಮ್ಮೆ ಹೀಗೆ ಎರಡನೇ ಸಲದಲ್ಲಿ ನಂಜರಾಜನ ಮೊದಲ ಪಾತ್ರವೇ ಸತ್ತಿತು. ಅವನು ಎರಡು ಬನ್ನು ಹೆಚ್ಚಿಗೆ ತಿಂದು ಸಮಾಧಾನ ಮಾಡಿಕೊಂಡ. ನಿಯಮದ ಬಗ್ಗೆ ಯಾರಿಗೂ ತಕರಾರು ಇರಲಿಲ್ಲ, ನನಗೂ ಇರಲಿಲ್ಲ.

ತಕರಾರು ಎದ್ದ ಭಾನುವಾರ ಬರುವ ಹೊತ್ತಿಗೆ ಮೂವರಿಗೂ ಇಪ್ಪತ್ತಮೂರು ದಾಟಿತ್ತು. ತುಂಗಜ್ಜಿ ತೀರಿಕೊಂಡು ಮೂರು ತಿಂಗಳಾಗಿತ್ತು. ಆಟದಲ್ಲಿ ಒಂದು ಹಗ್ಗದ ಸೇತುವೆ. ನಂಜರಾಜನ ಎರಡನೇ ಪಾತ್ರ ಗಾಯಗೊಂಡು ಆಚೆ ದಡಕ್ಕೆ ತೆವಳುತ್ತಿದೆ. ಅವನನ್ನು ದಾಟಿಸಲು ಹೊನ್ನಾದೇವಿ ಸೇತುವೆಯ ಬಾಯಲ್ಲಿ ಒಬ್ಬಳೇ ನಿಂತಿದ್ದಾಳೆ, ಎದುರಿಗೆ ಒಬ್ಬ ಕಲ್ಲುದೈತ್ಯ. ಹೊಡೆದಾಡಿ ಹೊಡೆದಾಡಿ ಇಬ್ಬರೂ ಜರ್ಜರಿತ. ಯಾರಿಗೆ ಇನ್ನೊಂದು ಏಟು ತಗಲಿದರೂ ಅವರ ಕಥೆ ಮುಗಿಯಿತು.

ಕುಮುದಿನಿ ನನ್ನನ್ನು ಎಸೆದಳು. ನಾಲ್ಕು ಬಿದ್ದೆ. ಸಿರಿಲ್ ಪ್ಲಾಸ್ಟಿಕ್ಕನ್ನು ಎಸೆದ. ಅದೂ ನಾಲ್ಕು.

“ಇಬ್ರೂ ಒಟ್ಟಿಗೇ ಹೊಡೀತಾರೆ,” ಎಂದಳು ಕುಮುದಿನಿ.

“ಇಲ್ಲ ಕಣೆ. ಸಮ ಬಿದ್ರೆ ಮತ್ತೆ ಹಾಕ್ಬೇಕು. ಆರು ವರ್ಷದಿಂದ ಹಂಗೇ ತಾನೆ?”

“ಆ ಸಾಲು ನಮ್ ಹತ್ರ ಇಲ್ಲ ಸಿರಿಲ್. ಅದ್ರಲ್ಲಿ ಏನಿತ್ತೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇಬ್ರಿಗೂ ನಾಲ್ಕು ಬಿದ್ದಿದೆ. ಇಬ್ರ ಏಟೂ ಸಲ್ಲಬೇಕು.”

“ನಿನಗೋಸ್ಕರ ಈಗ ಬದಲಾಯಿಸಿದ್ರೆ ನಂಜನಿಗೆ ಏನ್ ಹೇಳ್ಲಿ? ಅವನ ಪಾತ್ರ ಸತ್ತಿದ್ದೂ ಹಿಂಗೇ ಅಲ್ವಾ?”

“ನನ್ನ ಯಾಕಪ್ಪ ಮಧ್ಯೆ ಎಳೀತೀಯ,” ಎಂದ ನಂಜರಾಜ.

ಕುಮುದಿನಿ ನನ್ನನ್ನೇ ನೋಡುತ್ತಿದ್ದಳು. “ಹಂಗಾದ್ರೆ ಈಗ ಬಿದ್ದದ್ದು ಸುಳ್ಳಾ?”

ಅಷ್ಟು ವರ್ಷ ಸಮ ಬಿದ್ದಾಗಲೆಲ್ಲ ನನ್ನನ್ನು ಎತ್ತಿಕೊಂಡರು, ನಾನು ಹೋದೆ. ಒಮ್ಮೆಯೂ ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಸುಳ್ಳು ಹೇಳುವುದಿಲ್ಲ ಎಂಬ ಜಾತಕ ನನ್ನದು. ಹಾಗಾದರೆ ಮೊದಲು ಹೇಳಿದ್ದು ಏನಾಯಿತು?

ಉತ್ತರ ಸಿಗದಾಗ ಆಡಬಾರದ ಮಾತು ತಾನಾಗಿ ಬಾಯಿಗೆ ಬರುತ್ತದೆ. “ನಿಮ್ಮಜ್ಜಿ ಹೇಳಿದ ನಿಯಮ ಅಲ್ವೇನೆ ಇದು? ಈಗ ನಿನಗೇ ಬೇಡ್ವಾ?” ಎಂದುಬಿಟ್ಟ ಸಿರಿಲ್.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಂಜರಾಜ ಕೂಡ ಜಗಿಯುವುದನ್ನು ನಿಲ್ಲಿಸಿದ. ಸಿರಿಲ್ ನನ್ನನ್ನು ಎತ್ತಿ ಕುಮುದಿನಿಯ ಅಂಗೈಯಲ್ಲಿ ಇಟ್ಟ. ಅವಳು ಎಸೆಯಲಿಲ್ಲ, ಕೈ ಮಗುಚಿದಳು ಅಷ್ಟೆ. ನಾನು ಬಿದ್ದೆ. ಒಂದು.

ಪ್ಲಾಸ್ಟಿಕ್ಕಿಗೆ ಮೂರು. ದೈತ್ಯನ ಏಟು ಮೊದಲು. ಅದು ತಗಲುತ್ತದೋ ಇಲ್ಲವೋ ಎಂದು ಸಿರಿಲ್ ಮತ್ತೆ ಎಸೆದ, ತಗಲಿತು. ಹೊನ್ನಾದೇವಿ ಬಿದ್ದಳು ಎಂದು ಮೆಲ್ಲಗೆ ಹೇಳಿದ. ಅವಳ ಏಟಿಗೆ ದಾಳ ಹಾಕುವ ಪ್ರಶ್ನೆಯೇ ಬರಲಿಲ್ಲ.

ಕುಮುದಿನಿ ಎದ್ದಳು. “ಮೊದಲ್ನೇ ಸಲ ಬಿದ್ದದ್ದನ್ನ ನೀವಿಬ್ರೂ ನೋಡಿದ್ರಿ. ನೋಡಿ, ನೋಡಿಲ್ಲ ಅಂದ್ರಿ,” ಎಂದಳು. ಹೊನ್ನಾದೇವಿಯ ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಮೆಟ್ಟಿಲು ಇಳಿದಳು. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಬೇಕರಿಯ ಮುಂದೆ ಹಾದುಹೋಗುವಾಗ ಆಚೆ ಬದಿಯ ಫುಟ್‌ಪಾತ್ ಹಿಡಿಯತೊಡಗಿದಳಂತೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಂಜರಾಜನಿಗೆ ಸಿಕ್ಕ ನೆಲ ನಾನು. “ಈ ದಾಳನೇ ಸರಿ ಇಲ್ಲ ಕಣೋ, ಕೈ ಕೊಡ್ತು,” ಎಂದು ಲೋಟದಲ್ಲಿ ಉಪ್ಪು ಕದಡಿ ನನ್ನನ್ನು ಮುಳುಗಿಸಿದ. ಹುಟ್ಟಿದಾಗ ಕುಡಿದ ನೀರನ್ನೇ ಆರೋಪಿಯಾಗಿ ಮತ್ತೆ ಕುಡಿದೆ. ಆರು ಮುಖವನ್ನೂ ತೋರಿಸಿದೆ. ಸಿರಿಲ್ ತುಂಬ ಹೊತ್ತು ಲೋಟವನ್ನು ನೋಡುತ್ತಾ ನಿಂತಿದ್ದ. ನನ್ನಲ್ಲಿ ತಪ್ಪು ಸಿಕ್ಕಿದ್ದರೆ ಅವನಿಗೆ ಎಷ್ಟು ಹಗುರವಾಗುತ್ತಿತ್ತೋ ಏನೋ. ಕೊನೆಗೆ ನನ್ನನ್ನು, ಪ್ಲಾಸ್ಟಿಕ್ಕನ್ನು, ಹೊನ್ನಾದೇವಿಯ ಹಾಳೆಯನ್ನು ಬಿಸ್ಕತ್ತಿನ ಡಬ್ಬಿಯೊಂದಕ್ಕೆ ಹಾಕಿ ಮುಚ್ಚಳ ಒತ್ತಿದ.

ಇಪ್ಪತ್ತೆರಡು ವರ್ಷ ನಾವು ಆ ಕತ್ತಲಲ್ಲಿದ್ದೆವು. ಯಾರೂ ಸಿಗದಿದ್ದರೆ ಪ್ಲಾಸ್ಟಿಕ್ಕೂ ನೆಂಟನೇ. “ನನ್ನದೂ ನಾಲ್ಕೇ ಅಲ್ವಾ ಬಿದ್ದದ್ದು?” ಎಂದು ಅದು ಆಗಾಗ ಕೇಳುತ್ತಿತ್ತು. ಹೌದು ಎನ್ನುತ್ತಿದ್ದೆ. ಹೊರಗೆ ಸಿರಿಲ್‌ನ ಮದುವೆಯ ವಾಲಗ ಕೇಳಿಸಿತು, ಅವನ ಅಪ್ಪನ ಸಾವಿಗೆ ಚರ್ಚಿನ ಗಂಟೆ ಕೇಳಿಸಿತು. ನಂಜರಾಜನಿಗೆ ಗುಲ್ಬರ್ಗಕ್ಕೆ ವರ್ಗವಾಯಿತಂತೆ. ಎಲ್ಲವೂ ಮೊಬೈಲಿನಲ್ಲಿ ಸಿಗುವ ಕಾಲವೂ ಬಂತು. ಸಿರಿಲ್ ಆ ಸಾಲನ್ನು ಹುಡುಕಲಿಲ್ಲ. ಸಿಗಲಾರದು ಎಂದಲ್ಲ, ಸಿಕ್ಕಿಬಿಟ್ಟೀತು ಎಂದು.

ಆದರೂ ಅದು ಅವನನ್ನು ಹುಡುಕಿಕೊಂಡು ಬಂತು. ಮಾವ ತೀರಿಕೊಂಡ ಮೇಲೆ ಅತ್ತೆ ಅವರ ಟ್ರಂಕನ್ನು ಬೇಕರಿಗೆ ಕಳಿಸಿದರು. ಮಾರನೆಯ ದಿನವೇ ನಮ್ಮ ಡಬ್ಬಿಯ ಮುಚ್ಚಳ ತೆರೆಯಿತು. ಬೆಳಕು ಕಣ್ಣಿಗೆ ಕುಕ್ಕಿತು. ತಲೆ ನರೆತ, ಹೊಟ್ಟೆ ಬಂದ ಒಬ್ಬ ಮನುಷ್ಯ ಮೈದಾ ಮೂಟೆಯ ಮೇಲೆ ಕೂತಿದ್ದ. ಸಿರಿಲ್ ಎಂದು ಗುರುತಿಸಿದ್ದು ಅವನ ಬೆರಳಿನಿಂದ. ತೊಡೆಯ ಮೇಲೆ ಮಾವನ ಪುಸ್ತಕ. ಆ ಪುಟ ತೆರೆದು, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟು, ಮಗ್ಗಿ ಒಪ್ಪಿಸುವವನ ಹಾಗೆ ನಿಧಾನವಾಗಿ ಓದಿಕೊಂಡ. ಎರಡೂ ದಾಳ ಸಮ ಬಿದ್ದರೆ, ಎರಡೂ ಕಡೆಯವರು ಒಟ್ಟಿಗೇ ಹೊಡೆಯುತ್ತಾರೆ. ಸಾಯುವವನ ಏಟೂ ಸಲ್ಲುತ್ತದೆ.

ನಾನು ಮರಗಟ್ಟಿ ಹೋದೆ. ಮರಕ್ಕೆ ಅದೇನು ಹೊಸದು ಎನ್ನಬೇಡಿ. ಹಾಗಾದರೆ ನನ್ನ ನಾಲ್ಕು ನಿಜ! ನಾನು ಬಿದ್ದದ್ದು ಸರಿಯಾಗಿತ್ತು, ಎತ್ತಿಕೊಂಡದ್ದು ತಪ್ಪು. ಒಂದು ಸಾಲಿಗಾಗಿ ಇಪ್ಪತ್ತೆರಡು ವರ್ಷ ಹೋಗಿತ್ತು. ಸಿರಿಲ್ ಅಳಲಿಲ್ಲ. ಕೆಳಗಿನಿಂದ ಹೆಂಡತಿ ಎರಡು ಸಲ ಕೂಗಿದ್ದು ಅವನಿಗೆ ಕೇಳಿಸಲಿಲ್ಲ.

ಮಾರನೆಯ ಬೆಳಿಗ್ಗೆ ಪುಸ್ತಕವನ್ನೂ ಹಾಳೆಯನ್ನೂ ಚೀಲದಲ್ಲಿಟ್ಟು, ನನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟ. ಕುಮುದಿನಿ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೊರರೋಗಿಗಳಿಗೆ ಟೋಕನ್ ಕೊಡುವ ಕಿಟಕಿಯಲ್ಲಿ ಕೂರುತ್ತಾಳೆಂದು ಅವನಿಗೆ ಮೊದಲೇ ಗೊತ್ತಿತ್ತು. ಇಷ್ಟು ವರ್ಷ ಆ ರಸ್ತೆಗೆ ಹೋಗಿರಲಿಲ್ಲ ಅಷ್ಟೆ. ನೇರ ಕಿಟಕಿಗೆ ಹೋಗುವ ಧೈರ್ಯ ಬರಲಿಲ್ಲವೇನೋ, ರೋಗಿಗಳ ಸಾಲಿನಲ್ಲೇ ನಿಂತ. ಜೇಬಿನ ತೆಳು ಬಟ್ಟೆಯೊಳಗಿಂದ ನಾನು ಇಣುಕಿದೆ.

ಕಿಟಕಿಯ ಮುಂದೆ ಇಬ್ಬರು ಮುದುಕರು ಜಗಳವಾಡುತ್ತಿದ್ದರು. ನಾನು ಮೊದಲು ಬಂದೆ, ತಾನು ಮೊದಲು ಬಂದೆ. ಒಳಗಿನಿಂದ ಒಂದು ದನಿ ಬಂತು. ಅದು ಒಂದಿಷ್ಟೂ ಬದಲಾಗಿರಲಿಲ್ಲ.

“ಇಬ್ರೂ ಒಟ್ಟಿಗೆ ಬಂದಿದ್ದನ್ನ ನಾನೇ ನೋಡಿದೀನಿ. ತಗೊಳ್ಳಿ, ಇಬ್ರಿಗೂ ನಲವತ್ತಾರೇ.”

“ಅದೆಂಗಮ್ಮ ಇಬ್ರಿಗೆ ಒಂದೇ ನಂಬ್ರ?”

“ನನ್ನ ಕಿಟಕೀಲಿ ಹಿಂಗೇ ಯಜಮಾನ್ರೇ. ಡಾಕ್ಟ್ರಿಗೂ ಗೊತ್ತು.”

ಸಿರಿಲ್‌ನ ಎದೆ ನನ್ನ ಬೆನ್ನಿಗೆ ದಬದಬ ಬಡಿಯಿತು. ಇವಳು ಇಷ್ಟು ವರ್ಷವೂ ತನ್ನ ಮಾತನ್ನು ಬಿಟ್ಟಿರಲಿಲ್ಲ.

ಅವನ ಸರದಿ ಬಂತು. “ಏನ್ ತೊಂದ್ರೆ?” ಎಂದಳು ಕುಮುದಿನಿ, ಚೀಟಿಯಿಂದ ತಲೆ ಎತ್ತದೆ.

ಸಿರಿಲ್ ಪುಸ್ತಕವನ್ನು ತೆರೆದು ಕಿಟಕಿಯೊಳಗೆ ತಳ್ಳಿದ. ಅವಳು ಮೊದಲು ಪುಟವನ್ನು ನೋಡಿದಳು, ಆಮೇಲೆ ಅದನ್ನು ಹಿಡಿದ ಬೆರಳನ್ನು, ಆಮೇಲೆ ಮುಖವನ್ನು. ಕೊನೆಯ ಸಾಲನ್ನು ಎರಡು ಸಲ ಓದಿದಳು. ಹಿಂದಿನವರು ಗೊಣಗತೊಡಗಿದರು. ಅವಳು ನಲವತ್ತೇಳು ಎಂದು ಬರೆದು ಚೀಟಿ ಹರಿದು ಅವನಿಗೆ ಕೊಟ್ಟಳು.

“ಬೆಂಚ್ ಮೇಲೆ ಕೂತಿರು. ಒಂದೂವರೆಗೆ ಕಿಟಕಿ ಮುಚ್ತೀನಿ.”

ಎರಡು ತಾಸು ಕೂತ. ಒಂದೂವರೆಗೆ ಅವಳು ಊಟದ ಡಬ್ಬಿ ಹಿಡಿದು ಬಂದಳು, ಅವನ ಪಕ್ಕದಲ್ಲಿ ಕೂತು ನಡುವೆ ಡಬ್ಬಿ ಇಟ್ಟಳು. ಕೂದಲು ಅವಳದೂ ನರೆತಿತ್ತು.

“ನಾನು ತಪ್ಪು ಮಾಡ್ದೆ ಕುಮುದಿ. ಅಜ್ಜಿ ಮಾತು ಎತ್ತಿದ್ದು ಅದಕ್ಕಿಂತ ದೊಡ್ಡ ತಪ್ಪು,” ಎಂದ ಸಿರಿಲ್. “ಅವತ್ತು ಹೊನ್ನಾದೇವಿ ದೈತ್ಯನ್ನ ಕೊಂದೇ ಸಾಯ್ತಿದ್ಲು. ಅದನ್ನ ನಾನು ಕಿತ್ಕೊಂಡೆ.”

“ಕೊಲ್ತಿದ್ಲು ಅಂತ ನಿನಗೆ ಹೆಂಗೆ ಗೊತ್ತು? ಏಟಿಗೆ ದಾಳನೇ ಹಾಕ್ಲಿಲ್ವಲ್ಲ.” ಅವಳು ಕೈ ಚಾಚಿದಳು. “ತಂದಿದೀಯಾ?”

ಅವಳ ಅಂಗೈಗೆ ಬಂದೆ. ಹಾಳೆಯನ್ನು ಬೆಂಚಿನ ಮೇಲೆ ಹರಡಿದಳು. ದೈತ್ಯನ ಏಟು ಅವತ್ತೇ ತಗಲಿಯಾಗಿತ್ತು, ಹೊನ್ನಾದೇವಿ ಸಾಯುವುದು ಖಂಡಿತ. ಉಳಿದದ್ದು ಅವಳ ಒಂದು ಏಟು. ಐದೋ ಆರೋ ಬಿದ್ದರೆ ಅದು ತಗಲುತ್ತದೆ, ದೈತ್ಯನೂ ಜೊತೆಗೇ ಬೀಳುತ್ತಾನೆ. ಬೀಟೆ ಮರದ ದೇವತೆ ಯಾವುದಾದರೂ ಇದ್ದರೆ ಇವತ್ತು ಒಂದು ಸಲ ನನ್ನನ್ನು ಪಕ್ಷಪಾತಿ ಮಾಡು ಎಂದು ನಾನು ಬೇಡಿಕೊಂಡೆ. ಆರು, ಇಲ್ಲ ಐದು. ಇಪ್ಪತ್ತೆರಡು ವರ್ಷ ಕಾದಿದ್ದೇನೆ.

ಅವಳು ಎಸೆದಳು. ಈ ಸಲ ಕೈ ಮಗುಚಲಿಲ್ಲ, ಮುಷ್ಟಿಯಲ್ಲಿ ಕುಲುಕಿ ನಿಜವಾಗಿ ಎಸೆದಳು. ನಾನು ಹಾಳೆಯ ಮೇಲೆ ಉರುಳಿದೆ, ಊಟದ ಡಬ್ಬಿಗೆ ಬಡಿದೆ, ನಿಂತೆ.

ಎರಡು.

ನನ್ನ ಮೇಲೆ ನನಗೇ ನಂಬಿಕೆ ಬರಲಿಲ್ಲ. ನಾಚಿಕೆಯಿಂದ ಇನ್ನೊಂದು ಮಗ್ಗುಲಿಗೆ ಹೊರಳೋಣವೆಂದರೆ ದಾಳಕ್ಕೆ ಆ ಭಾಗ್ಯವಿಲ್ಲ.

“ಬೆಂಚು ಓರೆ ಇದೆ,” ಎಂದ ಸಿರಿಲ್. “ಡಬ್ಬಿಗೆ ಬೇರೆ ತಗಲ್ತು. ಇನ್ನೊಂದ್ಸಲ ಹಾಕು ಕುಮುದಿ.”

ಕುಮುದಿನಿ ತಟ್ಟನೆ ಅವನ ಕಡೆ ತಿರುಗಿದಳು. ಅವನಿಗೆ ತಾನು ಆಡಿದ ಮಾತು ಆಗ ಕೇಳಿಸಿರಬೇಕು, ನಾಲಿಗೆ ಕಚ್ಚಿಕೊಂಡ. ಅವಳ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾಳೆ ಎಂದು ನಾನು ಹೆದರಿದೆ. ಅವಳು ನಗುತ್ತಿದ್ದಳು. ಎದುರು ಬೆಂಚಿನ ರೋಗಿಗಳೆಲ್ಲ ತಿರುಗಿ ನೋಡುವಷ್ಟು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಬೇಡ. ಬಿದ್ದದ್ದು ಬಿತ್ತು,” ಎಂದಳು. “ಏಟು ತಪ್ಪಿತು, ತಪ್ಪಲಿ. ದೈತ್ಯನ್ನ ಕೊಲ್ಲೋದು ಯಾರಿಗೆ ಬೇಕಿತ್ತು ಸಿರಿಲ್? ಅವಳಿಗೂ ಒಂದು ಏಟಿತ್ತು, ಅದನ್ನ ಅವಳು ಹೊಡೀಬೇಕಿತ್ತು ಅಷ್ಟೆ. ಈಗ ಹೊಡೆದ್ಲು. ಈಗ ಸತ್ಲು.”

ಪೆನ್ನು ತೆಗೆದು ಹಾಳೆಯ ಕೆಳಗೆ ಆ ದಿನದ ತಾರೀಖು ಬರೆದಳು. ಆಮೇಲೆ ಡಬ್ಬಿಯ ಮುಚ್ಚಳಕ್ಕೆ ಅರ್ಧ ಚಿತ್ರಾನ್ನ ಬಡಿಸಿ ಅವನ ಕಡೆ ತಳ್ಳಿದಳು. ಅವನು ತಲೆ ತಗ್ಗಿಸಿ ತಿಂದ. ಬನ್ನಿನ ರುಚಿ ಮೊದಲಿನ ಹಾಗೇ ಇದೆಯಾ ಎಂದು ಅವಳು ಕೇಳಿದಳು, ಇಲ್ಲ ಎಂದು ಅವನು ನಿಜ ಹೇಳಿದ. ಈಗ ಕೆಲವು ಭಾನುವಾರ ಅವನು ಅವಳ ಮನೆಗೆ ಬನ್ನು ತರುತ್ತಾನಂತೆ. ಆಟ ಆಡುತ್ತಾರೋ ಇಲ್ಲವೋ ನನಗೆ ತಿಳಿಯದು. ನನ್ನನ್ನು ಅವಳು ಅವತ್ತೇ ಕಿಟಕಿಯ ಒಳಗಡೆ, ಟೋಕನ್ ಚೀಟಿಗಳು ಹಾರದ ಹಾಗೆ ಭಾರಕ್ಕೆ ಇಟ್ಟುಕೊಂಡಳು. ಪ್ಲಾಸ್ಟಿಕ್ಕು ಡಬ್ಬಿಯಲ್ಲೇ ಉಳಿಯಿತು. ಅದರ ನೆನಪಾಗುತ್ತದೆ ಎಂದು ಹೇಳಿಕೊಳ್ಳಲು ನನಗೆ ಈಗ ನಾಚಿಕೆಯಿಲ್ಲ.

ನನಗೆ ವಯಸ್ಸಾಯಿತು. ಮೂಲೆಗಳು ಸವೆದು ದುಂಡಗಾಗಿವೆ, ಒಂದು ಚುಕ್ಕಿ ಸಡಿಲಾಗಿದೆ. ಎಸೆಯುವವರು ಯಾರೂ ಇಲ್ಲ. ಕಿಟಕಿಯ ಆಚೆ ದಿನವಿಡೀ ಜನ ಸರದಿಗಾಗಿ ಕಾಯುವುದನ್ನು ನೋಡುತ್ತೇನೆ. ತಮ್ಮ ಸರದಿ ಬರುವ ಮುಂಚೆ ಕಣ್ಣು ಮುಚ್ಚಿದವರನ್ನೂ ಕಂಡಿದ್ದೇನೆ, ಅಂಥ ದಿನ ಕುಮುದಿನಿ ಊಟದ ಡಬ್ಬಿ ತೆರೆಯುವುದಿಲ್ಲ. ಒಮ್ಮೊಮ್ಮೆ ಒಂದೇ ನಂಬರಿನ ಎರಡು ಚೀಟಿ ನನ್ನ ಕೆಳಗಿನಿಂದ ಹೋಗುತ್ತವೆ. ಬೆಳಿಗ್ಗೆ ಕಸ ಗುಡಿಸುವ ಸಾಕಮ್ಮ ಮೇಜು ಒರೆಸುವಾಗ ನನ್ನನ್ನು ಎತ್ತಿ ಹೇಗೆಂದರೆ ಹಾಗೆ ಇಡುತ್ತಾಳೆ. ಐದು ಮೇಲಿರುತ್ತದೆ, ಆರು ಮೇಲಿರುತ್ತದೆ. ಕುಮುದಿನಿ ಬಂದು ಕುರ್ಚಿ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಕಿಟಕಿ ತೆರೆಯುವ ಮುಂಚೆ ನನ್ನನ್ನು ಎರಡು ಬೆರಳಿನಲ್ಲಿ ಎತ್ತಿ ತಿರುಗಿಸಿ, ನಾಲ್ಕು ಮೇಲೆ ಬರುವ ಹಾಗೆ ಇಡುತ್ತಾಳೆ.